ಓಲೆಗರಿ ಹುಡುಕಿದವರು, ಸಾನೆಟ್ ಬರೆದವರು

ಸಾನೆಟ್ ಹದಿನಾಲ್ಕು ಸಾಲಿನ ಕವಿತೆ. ಮೊದಲ ಎಂಟು ಸಾಲು ಒಂದು ವಿಚಾರವನ್ನು ಹೂಡುತ್ತವೆ. ಉಳಿದ ಆರು ಸಾಲು ಅದಕ್ಕೆ ಉತ್ತರ ಕೊಡುತ್ತವೆ, ಇಲ್ಲವೇ ಅದನ್ನು ಬೇರೆ ದಿಕ್ಕಿಗೆ ತಿರುಗಿಸುತ್ತವೆ. ಕನ್ನಡದಲ್ಲಿ ಸುನೀತ, ಚತುರ್ದಶಪದಿ, ಅಷ್ಟಷಟ್ಪದಿ ಎಂಬ ಹೆಸರುಗಳೂ ಇದಕ್ಕೆ ಸಂದಿವೆ. ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಗೋವಿಂದ ಪೈ, ಮಾಸ್ತಿ, ಬೇಂದ್ರೆ, ಕುವೆಂಪು, ವಿ.ಕೃ. ಗೋಕಾಕ ಇವರೆಲ್ಲ ಈ ರೂಪದಲ್ಲಿ ಬರೆದರು. ಇಂಗ್ಲಿಷ್ ಕಾವ್ಯ ಓದಿ ಅದರ ಮಾದರಿಯನ್ನು ತಂದರು ಎಂದು ಒಂದು ಮಾತಿನಲ್ಲಿ ಮುಗಿಸುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಇಟಲಿಯಲ್ಲಿ ಈ ಪದ್ಯ ಬೆಳೆದದ್ದು ಹಳೆಯ ಹಸ್ತಪ್ರತಿಗಳನ್ನು ಹುಡುಕಿ ತೆಗೆದ ವಿದ್ವಾಂಸರ ಕೈಯಲ್ಲಿ. ಕನ್ನಡಕ್ಕೆ ಅದು ಬಂದದ್ದೂ ಓಲೆಗರಿ ಮತ್ತು ಶಾಸನಗಳ ಶೋಧ ಜೋರಾಗಿ ನಡೆದಿದ್ದ ಕಾಲದಲ್ಲೇ, ಹಲವು ಸಲ ಆ ಶೋಧದಲ್ಲಿ ತೊಡಗಿದ್ದವರ ಕೈಯಿಂದಲೇ.

ಸಾನೆಟ್‌ನ ಹುಟ್ಟು 13ನೇ ಶತಮಾನದ ಸಿಸಿಲಿಯಲ್ಲಿ, ಚಕ್ರವರ್ತಿ ಎರಡನೇ ಫ್ರೆಡರಿಕ್‌ನ ಆಸ್ಥಾನದಲ್ಲಿ. ಮೊದಲ ಸಾನೆಟ್‌ಗಳ ಕರ್ತೃವೆಂದು ಹೆಸರಾದ ಜಾಕೊಮೊ ದ ಲೆಂಟೀನಿ ಅಲ್ಲಿ ನೋಟರಿಯಾಗಿದ್ದವನು, ಕರಾರುಪತ್ರ ಮತ್ತು ದಸ್ತಾವೇಜು ಬರೆಯುವುದು ಅವನ ಕಸುಬು. ವಾದವನ್ನು ಮಂಡಿಸಿ ಆಮೇಲೆ ತೀರ್ಮಾನಕ್ಕೆ ಬರುವ ಈ ಪದ್ಯದ ನಡಿಗೆಯಲ್ಲಿ ಆ ಕಸುಬಿನ ನೆರಳು ಕಾಣುತ್ತದೆ. ಹಾಡಿಗೆ ಹೊಂದಿಸಿ ಬರೆಯುವ ರೂಢಿಯಿದ್ದ ಕಾಲದಲ್ಲಿ ಸಾನೆಟ್ ಮುಖ್ಯವಾಗಿ ಓದಿನ ಪದ್ಯವಾಗಿ ಬಂತು; ಒಬ್ಬರೇ ಕೂತು, ಹಾಳೆ ನೋಡಿ, ಮನಸ್ಸಿನೊಳಗೆ ತೂಗುವ ಪದ್ಯ. ಸಿಸಿಲಿಯಿಂದ ಅದು ಟಸ್ಕನಿಗೆ ಬಂತು, ಅಲ್ಲಿ ಡಾಂಟೆ ತನ್ನ ‘ವೀಟಾ ನೋವಾ’ದಲ್ಲಿ ಅದನ್ನು ಗದ್ಯದ ನಡುನಡುವೆ ಪೋಣಿಸಿದ.

ಆದರೆ ಸಾನೆಟ್ ಎಂದೊಡನೆ ನೆನಪಾಗುವ ಹೆಸರು ಪೆಟ್ರಾರ್ಕ್‌ನದು. ಇವನು ಹುಟ್ಟಿದ್ದು 1304ರಲ್ಲಿ, ಅರೆಟ್ಸೊದಲ್ಲಿ. ತಂದೆಯೂ ನೋಟರಿಯೇ. ಮಗನನ್ನು ಕಾನೂನು ಓದಲು ಮೊಂಪೆಲಿಯೆ ಮತ್ತು ಬೊಲೋನ್ಯಾಗಳಿಗೆ ಕಳಿಸಿದ. ಮಗನ ಮನಸ್ಸು ನೆಟ್ಟದ್ದು ಸಿಸೆರೊ ಮತ್ತು ವರ್ಜಿಲರಲ್ಲಿ. ಸಾವಿರ ವರ್ಷಗಳಿಂದ ಮಠಗಳ ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದ ಲ್ಯಾಟಿನ್ ಗ್ರಂಥಗಳನ್ನು ಹುಡುಕುವುದು, ಪ್ರತಿ ಮಾಡುವುದು, ಪಾಠಗಳನ್ನು ಹೋಲಿಸಿ ತಪ್ಪು ತಿದ್ದುವುದು ಅವನ ಬದುಕಿನ ಕೆಲಸವಾಯಿತು. 1345ರಲ್ಲಿ ವೆರೋನಾದ ಕ್ಯಾಥೆಡ್ರಲ್ ಗ್ರಂಥಾಲಯದಲ್ಲಿ ಸಿಸೆರೊ ತನ್ನ ಗೆಳೆಯ ಆಟಿಕಸ್‌ಗೆ ಬರೆದ ಪತ್ರಗಳು ಅವನ ಕೈಗೆ ಸಿಕ್ಕವು. ದೊಡ್ಡ ವಾಗ್ಮಿ ಎಂದಷ್ಟೇ ಜಗತ್ತು ತಿಳಿದಿದ್ದ ಸಿಸೆರೊ ಆ ಪತ್ರಗಳಲ್ಲಿ ಹೆದರುವ, ಹಿಂದೆಮುಂದೆ ನೋಡುವ, ಅಳುವ ಮನುಷ್ಯನಾಗಿ ಕಾಣಿಸಿದ. ಪೆಟ್ರಾರ್ಕ್ ಪತ್ರಗಳನ್ನು ತನ್ನ ಕೈಯಾರೆ ನಕಲು ಮಾಡಿಕೊಂಡು, ಸತ್ತು ಹದಿನಾಲ್ಕು ಶತಮಾನ ಕಳೆದಿದ್ದ ಸಿಸೆರೊಗೇ ಒಂದು ಪತ್ರ ಬರೆದ. ಮಾನವತಾವಾದ ಎಂದು ನಂತರದವರು ಕರೆದ ಚಳವಳಿಯ ಹೃದಯ ಇಲ್ಲಿದೆ: ಹಳೆಯ ಗ್ರಂಥವನ್ನು ಪ್ರಮಾಣವಾಗಿ ಕೈಮುಗಿದು ಇಡದೆ, ಅದನ್ನು ಬರೆದ ಮನುಷ್ಯನ ಜೊತೆ ಮಾತಿಗೆ ಕೂರುವುದು.

ಹೀಗೆ ಕೂತವನಿಗೆ ತನ್ನ ಒಳಮನಸ್ಸನ್ನೂ ಅಷ್ಟೇ ನಿಷ್ಠುರವಾಗಿ ನೋಡುವ ಅಭ್ಯಾಸ ಬರುತ್ತದೆ. ಪೆಟ್ರಾರ್ಕ್‌ಗೆ ಅದಕ್ಕೆ ಒದಗಿದ್ದು ತಾಯ್ನುಡಿಯ ಸಾನೆಟ್. 1327ರ ಏಪ್ರಿಲ್ 6ರಂದು ಆವಿನ್ಯೊನ್‌ನ ಒಂದು ಚರ್ಚಿನಲ್ಲಿ ಲಾರಾ ಎಂಬವಳನ್ನು ಕಂಡೆನೆಂದೂ 1348ರ ಅದೇ ತಾರೀಖಿನಂದು ಅವಳು ತೀರಿಕೊಂಡಳೆಂದೂ ಅವನು ತನ್ನ ವರ್ಜಿಲ್ ಹಸ್ತಪ್ರತಿಯಲ್ಲಿ ಬರೆದಿಟ್ಟಿದ್ದಾನೆ. ಅವನ ‘ಕಾಂಜೊನಿಯೆರೆ’ಯಲ್ಲಿ 366 ಕವಿತೆಗಳಿವೆ, ಅವುಗಳಲ್ಲಿ 317 ಸಾನೆಟ್‌ಗಳು. 1341ರಲ್ಲಿ ರೋಮ್‌ನಲ್ಲಿ ಅವನಿಗೆ ಕವಿಪಟ್ಟ ಕಟ್ಟಿದ್ದು ಲ್ಯಾಟಿನ್ ಕೃತಿಗಳ ಲೆಕ್ಕದಲ್ಲಿ. ತಾಯ್ನುಡಿಯ ಪದ್ಯಗಳನ್ನು ಅವನೇ ಚಿಲ್ಲರೆ ಎನ್ನುತ್ತಿದ್ದ. ಬಾಯಲ್ಲಿ ಹಾಗೆಂದರೂ ಕೈ ಬೇರೆಯೇ ಮಾಡುತ್ತಿತ್ತು. ವ್ಯಾಟಿಕನ್ ಗ್ರಂಥಾಲಯದಲ್ಲಿ ಉಳಿದಿರುವ ಅವನ ಕರಡುಪ್ರತಿಯ ಅಂಚುಗಳಲ್ಲಿ ಲ್ಯಾಟಿನ್ ಟಿಪ್ಪಣಿಗಳಿವೆ: ಈ ಪದ್ಯವನ್ನು ಇಂಥ ದಿನ, ಇಂಥ ಹೊತ್ತಿನಲ್ಲಿ ತಿದ್ದಿದೆ, ಈ ಪಾಠ ಹಿಡಿಸಿತು, ಇದನ್ನು ಶುದ್ಧಪ್ರತಿಗೆ ಏರಿಸಿದೆ. ಸಿಸೆರೊನ ಪಾಠ ತಿದ್ದುವಾಗಿನ ಎಚ್ಚರವೇ ತನ್ನ ಪ್ರೇಮಪದ್ಯದ ಮೇಲೂ ಇತ್ತು. ಶುದ್ಧಪ್ರತಿಯಲ್ಲಿ ಒಂದೊಂದು ಗೆರೆಗೆ ಎರಡೆರಡು ಸಾಲು ಅಕ್ಕಪಕ್ಕ ಬರೆಸಿದ್ದರಿಂದ ಹದಿನಾಲ್ಕು ಸಾಲಿನ ಸಾನೆಟ್ ಏಳು ಗೆರೆಯಲ್ಲಿ ಕೂತಿದೆ: ನಾಲ್ಕು ಗೆರೆ ಮೇಲಿನ ಎಂಟಕ್ಕೆ, ಮೂರು ಗೆರೆ ಕೆಳಗಿನ ಆರಕ್ಕೆ. ಪದ್ಯದ ತಿರುವು ಓದುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಅವನ ನಂತರದ ಪೀಳಿಗೆಗಳು ಶೋಧವನ್ನು ಮುಂದುವರಿಸಿದವು. ಪೊಜ್ಜೊ ಬ್ರಾಚಿಯೊಲೀನಿ 1417ರಲ್ಲಿ ಲುಕ್ರೀಶಿಯಸ್‌ನ ಕಾವ್ಯವನ್ನು ಪತ್ತೆ ಮಾಡಿದ. ಲೊರೆಂಜೊ ವಲ್ಲಾ 1440ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪ್‌ಗೆ ರಾಜ್ಯ ದಾನ ಕೊಟ್ಟನೆಂಬ ಪತ್ರ ಖೊಟ್ಟಿ ಎಂದು ಅದರ ಭಾಷೆಯಿಂದಲೇ ಸಾಬೀತು ಮಾಡಿದ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಶಿಯಸ್ ಅಂಗೈಯಲ್ಲಿ ಹಿಡಿಯುವ ಗಾತ್ರದ ಪುಸ್ತಕವಾಗಿ ಪೆಟ್ರಾರ್ಕ್‌ನನ್ನು ಅಚ್ಚು ಹಾಕಿದ. ಸಂಪಾದಕ ಪಿಯೆತ್ರೊ ಬೆಂಬೊ, ವರ್ಜಿಲ್‌ನ ಪಾಠಕ್ಕೆ ಸಲ್ಲುವ ಶಾಸ್ತ್ರವನ್ನೆಲ್ಲ ತಾಯ್ನುಡಿಯ ಕವಿಗೂ ಸಲ್ಲಿಸಿದ. 1525ರ ತನ್ನ ಗ್ರಂಥದಲ್ಲಿ ಅವನು ಪದ್ಯಕ್ಕೆ ಪೆಟ್ರಾರ್ಕ್‌ನೇ ಮಾದರಿ ಎಂದು ಸಾರಿದ ಮೇಲೆ ಸಾನೆಟ್ ಯುರೋಪಿನ ಉದ್ದಗಲಕ್ಕೆ ಹಬ್ಬಿತು. ವಿಟ್ಟೋರಿಯಾ ಕೊಲೊನ್ನಾ, ಗಾಸ್ಪರಾ ಸ್ಟಾಂಪಾ ಎಂಬ ಹೆಣ್ಣುಮಕ್ಕಳು ಅದೇ ಅಚ್ಚಿನಲ್ಲಿ ತಮ್ಮ ದುಃಖ ಮತ್ತು ಪ್ರೀತಿಯನ್ನು ಬರೆದು ಹೆಸರಾದರು. 1526ರಲ್ಲಿ ಗ್ರನಾಡಾದಲ್ಲಿ ವೆನಿಸ್‌ನ ರಾಯಭಾರಿ ಆಂದ್ರೆಯಾ ನವಜೆರೊ ಸ್ಪೇನಿನ ಕವಿ ಬೊಸ್ಕಾನ್‌ಗೆ, ಇಟಲಿಯ ಈ ಪದ್ಯವನ್ನು ನಿಮ್ಮ ಭಾಷೆಯಲ್ಲೂ ಯಾಕೆ ಬರೆದು ನೋಡಬಾರದು ಎಂದು ಕೇಳಿದ. ಆ ರಾಯಭಾರಿ ಆಲ್ಡಸ್‌ನ ಮುದ್ರಣಾಲಯಕ್ಕೆ ಲ್ಯಾಟಿನ್ ಗ್ರಂಥಗಳನ್ನು ಸಂಪಾದಿಸಿಕೊಟ್ಟವನೇ.

ಇಂಗ್ಲೆಂಡಿಗೆ ಸಾನೆಟ್ ತಂದವರು ಥಾಮಸ್ ವಯಟ್ ಮತ್ತು ಸರ್ರೆಯ ಅರ್ಲ್. ಇಟಾಲಿಯನ್‌ನಲ್ಲಿ ಪದಗಳೆಲ್ಲ ಹೆಚ್ಚಾಗಿ ಸ್ವರದಿಂದ ಮುಗಿಯುವುದರಿಂದ ಅಂತ್ಯಪ್ರಾಸ ಸಲೀಸು. ಪೆಟ್ರಾರ್ಕ್ ನಾಲ್ಕೈದು ಪ್ರಾಸಗಳಲ್ಲೇ ಪದ್ಯ ಮುಗಿಸುತ್ತಾನೆ. ಇಂಗ್ಲಿಷಿನಲ್ಲಿ ಆ ಅನುಕೂಲವಿಲ್ಲ. ಹೀಗಾಗಿ ಸರ್ರೆ ಏಳು ಪ್ರಾಸಗಳಿಗೆ ಜಾಗ ಮಾಡಿ, ನಾಲ್ಕು ನಾಲ್ಕು ಸಾಲಿನ ಮೂರು ಕಟ್ಟು, ಕೊನೆಗೊಂದು ಜೋಡಿಸಾಲು ಎಂದು ಹೊಂದಿಸಿಕೊಂಡ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರ್‌ನ 154 ಸಾನೆಟ್‌ಗಳು ಈ ಅಚ್ಚಿನವು. ಮಿಲ್ಟನ್ ಮತ್ತೆ ಇಟಲಿಯ ಕಟ್ಟಿಗೆ ಮರಳಿ ವಾಕ್ಯವನ್ನು ಸಾಲಿನಿಂದ ಸಾಲಿಗೆ ಹರಿಯಬಿಟ್ಟ. ವರ್ಡ್ಸ್‌ವರ್ತ್ ಅವನ ದಾರಿ ಹಿಡಿದ. ಕರ್ನಾಟಕದ ಕಾಲೇಜುಗಳಿಗೆ ‘ಗೋಲ್ಡನ್ ಟ್ರೆಜರಿ’ ಎಂಬ ಪದ್ಯಸಂಗ್ರಹದ ಮೂಲಕ ತಲುಪಿದ್ದು ಹೆಚ್ಚಾಗಿ ಈ ಮೂವರು.

ಕನ್ನಡದ ಕಡೆಗೆ ಬಂದರೆ ಮೊದಲು ನೋಡಬೇಕಾದ್ದು ಗ್ರಂಥಗಳ ಶೋಧವನ್ನು. ಅಚ್ಚಿಲ್ಲದ ಕಾಲದಲ್ಲಿ ಗ್ರಂಥ ಉಳಿಸುವ ಕೆಲಸಕ್ಕೆ ಗದಗ ಸೀಮೆಯಲ್ಲಿ ದೊಡ್ಡ ಪರಂಪರೆಯೇ ಇದೆ: ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ 10ನೇ ಶತಮಾನದಲ್ಲಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆದರೆ ನಡುವಿನ ಶತಮಾನಗಳಲ್ಲಿ ಹಳಗನ್ನಡದ ಬಹುಪಾಲು ಕೃತಿಗಳು ಓದುಗರಿಂದ ದೂರವಾಗಿದ್ದವು. 1875ರಲ್ಲಿ ಕಿಟೆಲ್ ನಾಗವರ್ಮನ ‘ಛಂದೋಂಬುಧಿ’ಯನ್ನು ಅಚ್ಚಿಗೆ ತಂದರು. 1898ರಲ್ಲಿ ‘ಕವಿರಾಜಮಾರ್ಗ’ವೂ, ಬಿ.ಎಲ್. ರೈಸ್ ಸಂಪಾದಿಸಿದ ಪಂಪಭಾರತವೂ ಹೊರಬಂದವು. ಒಂಬತ್ತು, ಹತ್ತನೇ ಶತಮಾನಗಳ ಕೃತಿಗಳು ಒಂದೇ ವರ್ಷದಲ್ಲಿ ಕನ್ನಡಿಗರ ಕೈಗೆ ಬಂದ ಘಟನೆಯಿದು, ವೆರೋನಾದ ಸಿಸೆರೊನಿಗಿಂತ ಕಡಿಮೆಯದಲ್ಲ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ವಚನದ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಅಚ್ಚಿನ ಖರ್ಚಿಗೆ ಸ್ವಂತ ಮನೆಯನ್ನೇ ಮಾರಿದರು.

ರೋಣ ತಾಲೂಕಿನ ಹೊಳೆಆಲೂರು ಮನೆತನದ ಆಲೂರ ವೆಂಕಟರಾಯರೂ ಓದಿದ್ದು ಕಾನೂನನ್ನೇ. 1905ರಲ್ಲಿ ಹಂಪಿಯ ಅವಶೇಷಗಳನ್ನು ಕಂಡ ಮೇಲೆ ಅವರ ಬದುಕಿನ ದಿಕ್ಕು ಬದಲಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಬಂತು, 1922ರಲ್ಲಿ ಧಾರವಾಡದಿಂದ ‘ಜಯಕರ್ನಾಟಕ’ ಪತ್ರಿಕೆ. ಅದೇ ಕಾಲದ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಹೊಸ ಕವಿತೆ ಬರೆಯತೊಡಗಿತ್ತು. ಪಾಳುಬಿದ್ದ ರೋಮ್ ನೋಡಿ ಎದೆಯುರಿದ ಪೆಟ್ರಾರ್ಕ್‌ನ ಕಾಲಕ್ಕೂ ಈ ಕಾಲಕ್ಕೂ ಅಂತರ ಬಹಳ. ಆದರೂ ಕಳೆದದ್ದನ್ನು ಹುಡುಕುವ ಕೈಯೇ ಹೊಸ ಪದ್ಯಕ್ಕೂ ಹದವಾದದ್ದು ಎರಡೂ ಕಡೆ ನಿಜ.

ಈ ಎರಡು ಕೆಲಸ ಒಬ್ಬರಲ್ಲೇ ಕೂಡಿದ್ದನ್ನು ನೋಡಲು ಕಾಸರಗೋಡಿನ ಮಂಜೇಶ್ವರಕ್ಕೆ ಹೋಗಬೇಕು. ಗೋವಿಂದ ಪೈ (1883–1963) ಕನ್ನಡಕ್ಕೆ ಸಾನೆಟ್ ತಂದವರಲ್ಲಿ ಮೊದಲಿಗರೆಂದು ಮಾನ್ಯರಾದವರು. ಅವರೇ ಶಾಸನಗಳನ್ನು ತೂಗಿ ನೋಡಿ ಕವಿಗಳ ಮತ್ತು ರಾಜರ ಕಾಲನಿರ್ಣಯ ಮಾಡಿದ ಸಂಶೋಧಕರು. ತುಳುನಾಡಿನ ಇತಿಹಾಸದಿಂದ ಬುದ್ಧನ ಕಾಲದವರೆಗೆ, ಒಂದು ತಾರೀಖಿಗಾಗಿ ಪುಟಗಟ್ಟಲೆ ಲೆಕ್ಕ ಹಾಕುವ ತಾಳ್ಮೆ ಅವರದು. ಯುರೋಪಿನ ಹಳೆಯ, ಹೊಸ ಭಾಷೆಗಳನ್ನು ಹೆಚ್ಚಾಗಿ ಸ್ವಂತ ಓದಿನಿಂದ ಕಲಿತರು. ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕಡೆಯ ದಿನಗಳನ್ನು ‘ವೈಶಾಖಿ’ಯಲ್ಲಿ ಬರೆದರು. ಮಾನವತಾವಾದಿ ಎಂಬ ಮಾತನ್ನು ಅದರ ಮೂಲ ಇಟಾಲಿಯನ್ ಅರ್ಥದಲ್ಲಿ, ಅಂದರೆ ಭಾಷೆ, ಗ್ರಂಥ, ಇತಿಹಾಸ, ಕಾವ್ಯ ಎಲ್ಲವನ್ನೂ ಒಂದೇ ವಿದ್ಯೆಯಾಗಿ ಹಿಡಿದವನು ಎಂಬ ಅರ್ಥದಲ್ಲಿ, ಕನ್ನಡದ ಯಾರಿಗಾದರೂ ಸಲ್ಲಿಸುವುದಾದರೆ ಮೊದಲು ಇವರಿಗೇ ಸಲ್ಲಿಸಬೇಕು.

ಸಾನೆಟ್ ಕನ್ನಡಕ್ಕೆ ಬರಲು ಒಂದು ಅಡ್ಡಗೋಡೆ ದಾಟಬೇಕಿತ್ತು: ದ್ವಿತೀಯಾಕ್ಷರ ಪ್ರಾಸ. ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮವದು. ಮೊದಲ ಸಾಲು ‘ಊರ’ ಎಂದು ತೊಡಗಿದರೆ ಉಳಿದವೂ ‘ತೀರ’, ‘ದೂರ’, ‘ಭಾರ’ ಎಂಬಂಥ ಶಬ್ದಗಳಿಂದಲೇ ತೊಡಗಬೇಕು. ನಾಲ್ಕು ಅಥವಾ ಆರು ಸಾಲಿಗೆ ಇದು ಶೋಭೆ; ಹದಿನಾಲ್ಕಕ್ಕೆ ಕೈಕೋಳ. ಗೋವಿಂದ ಪೈ 1911ರಲ್ಲಿ ಈ ಪ್ರಾಸವನ್ನು ಕೈಬಿಟ್ಟರು. ಸಾವಿರ ವರ್ಷದ ಕಟ್ಟಳೆ ಮುರಿದದ್ದಕ್ಕೆ ಪಂಡಿತರಿಂದ ಟೀಕೆಯೂ ಬಂತು. ಹಳೆಯದನ್ನು ಅರಿಯದವರು ಮುರಿದಿದ್ದರೆ ಅದು ಕೈಲಾಗದ ಮಾತಾಗುತ್ತಿತ್ತು. ಶಾಸನಗಳ ಪದ್ಯವನ್ನೆಲ್ಲ ಅರೆದು ಕುಡಿದ ವಿದ್ವಾಂಸರೇ ಮುರಿದದ್ದರಿಂದ ಅದಕ್ಕೆ ಅಧಿಕಾರ ಬಂತು. ಅವರ ‘ಗಿಳಿವಿಂಡು’ 1930ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹಟ್ಟಿಯಂಗಡಿ ನಾರಾಯಣ ರಾಯರ ‘ಆಂಗ್ಲ ಕವಿತಾವಳಿ’ಯೂ, ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಗ್ರಹವೂ ಬಂದು ದಾರಿ ಅಗಲವಾಗಿತ್ತು.

ಹೊಸ ಪದ್ಯಕ್ಕೆ ಕನ್ನಡದ ಕವಿಗಳು ಆರಿಸಿಕೊಂಡ ಸಾಲು ಮಾತ್ರ ಹೊಸದಲ್ಲ. ಗಜೇಂದ್ರಗಡ ತಾಲೂಕಿನ ಪುರ್ತಗೇರಿ ಇರಲಿ, ನರಗುಂದ, ರೋಣದ ಊರುಗಳಿರಲಿ, ಗದುಗಿನ ವೀರನಾರಾಯಣನ ಹೆಸರಿನೊಂದಿಗೆ ಬೆಸೆದ ಕುಮಾರವ್ಯಾಸನ ಭಾಮಿನಿ ಷಟ್ಪದಿ, ಶ್ರಾವಣದಲ್ಲಿ ಪುರಾಣ ಹಚ್ಚಿದಾಗ ಕೇಳುವ ಪದ್ಯಗಳು ಗದಗ ಸೀಮೆಯ ಕಿವಿಗೆ ಪರಿಚಿತ. ಭಾಮಿನಿಯ ಚಿಕ್ಕ ಸಾಲಿನಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ ಬರುತ್ತವೆ. ಉದಾಹರಣೆಗೆ ಹೆಣೆದ ಒಂದು ಸಾಲು: ‘ಊರ ಕೆರೆಯಲಿ ಗಾಳಿ ಬೀಸಿತು’. ಹದಿನಾಲ್ಕು ಮಾತ್ರೆಗೆ ಸಾಲೂ ಮುಗಿಯಿತು, ವಾಕ್ಯವೂ ಮುಗಿಯಿತು. ಕನ್ನಡದ ಸಾನೆಟ್‌ನಲ್ಲಿ ಹೆಚ್ಚಾಗಿ ಬಳಕೆಯಾದ ಸಾಲು ಐದು ಮಾತ್ರೆಯ ನಾಲ್ಕು ಗಣಗಳದು, ಒಟ್ಟು ಇಪ್ಪತ್ತು ಮಾತ್ರೆ. ಲಲಿತ ರಗಳೆಯ ಸಾಲೂ ಇದೇ, ಲಕ್ಷ್ಮೀಶ ಬಳಸಿದ ವಾರ್ಧಕ ಷಟ್ಪದಿಯ ಚಿಕ್ಕ ಸಾಲೂ ಇದೇ. ಮೇಲಿನ ಸಾಲನ್ನೇ ಈ ಅಳತೆಗೆ ಹಿಗ್ಗಿಸಿದರೆ:

ಊರ ಮುಂದಿನ ಕೆರೆಯ ನೀರ ಮೇಲಣ ಗಾಳಿ
ಬೀಸಿತ್ತು, ಮರುಗಳಿಗೆ ಮೌನದಲಿ ನಿಂತಿತ್ತು.

‘ಗಾಳಿ’ಗೆ ಸಾಲು ಮುಗಿಯಿತು, ಮಾತು ಮುಗಿಯಲಿಲ್ಲ. ಕ್ರಿಯಾಪದ ಮುಂದಿನ ಸಾಲಿನ ಮೊದಲ ಗಣಕ್ಕೆ ಇಳಿಯಿತು, ವಾಕ್ಯ ಅಲ್ಲೇ, ಸಾಲಿನ ನಡುವೆ, ನಿಂತಿತು. ಇಂಗ್ಲಿಷಿಗೆ ಏಳು ಪ್ರಾಸ ಬೇಕಾದಂತೆ ಕನ್ನಡಕ್ಕೆ ಬೇಕಾದದ್ದು ಈ ಹರಿವು. ಕನ್ನಡದಲ್ಲಿ ಅಂತ್ಯಪ್ರಾಸಕ್ಕೆ ಬಡತನವಿಲ್ಲ, ಅತಿ ಸಿರಿತನವೇ ತೊಂದರೆ: ವಾಕ್ಯದ ಕೊನೆಗೆ ಕ್ರಿಯಾಪದ ಬರುವ ಭಾಷೆಯಲ್ಲಿ ಸಾಲಿಗೊಂದು ವಾಕ್ಯ ಬರೆದರೆ ‘ಬಂದಿತ್ತು, ನಿಂತಿತ್ತು, ಹೋಗಿತ್ತು’ ಎಂದು ಪ್ರಾಸ ತಾನಾಗಿ ಸಾಲುಗಟ್ಟುತ್ತದೆ, ಅದರಲ್ಲಿ ಕವಿಯ ಶ್ರಮವೂ ಇರುವುದಿಲ್ಲ, ಓದುಗನಿಗೆ ಬೆರಗೂ ಇರುವುದಿಲ್ಲ. ವಾಕ್ಯವನ್ನು ಸಾಲಿನಾಚೆ ಹರಿಸಿದರೆ ಕ್ರಿಯಾಪದ ನಡುವೆ ಅಡಗಿ, ಸಾಲಿನ ತುದಿಗೆ ನಾಮಪದ, ವಿಶೇಷಣಗಳು ಬಂದು ಪ್ರಾಸಕ್ಕೆ ತೂಕ ಬರುತ್ತದೆ. ಮಿಲ್ಟನ್ ಮತ್ತು ವರ್ಡ್ಸ್‌ವರ್ತ್ ಓದಿದವರಿಗೆ ಈ ಉಪಾಯ ಕಾಣಿಸಿತು. ಷಟ್ಪದಿಯ ಕಿವಿ ಇದ್ದವರಿಗೆ ಅದು ಸಿದ್ಧಿಸಿತು.

ಅಳತೆಯನ್ನು ಹೀಗೂ ನೋಡಬಹುದು. ಒಂದು ಭಾಮಿನಿ ಪದ್ಯದಲ್ಲಿ ಒಟ್ಟು 102 ಮಾತ್ರೆ, ವಾರ್ಧಕದಲ್ಲಿ 144. ಇಪ್ಪತ್ತು ಮಾತ್ರೆಯ ಹದಿನಾಲ್ಕು ಸಾಲಿಗೆ 280. ಅಂದರೆ ಕನ್ನಡದ ಒಂದು ಸಾನೆಟ್ ಎರಡು ವಾರ್ಧಕ ಪದ್ಯಗಳಿಗಿಂತ ಸ್ವಲ್ಪ ಕಡಿಮೆ. ಷಟ್ಪದಿಯ ಕವಿಗೆ ಅದು ಕಥೆಯ ಎರಡು ಹೆಜ್ಜೆಯ ಜಾಗ. ಮುಂದೆ ನೂರಾರು ಪದ್ಯ ಕಾದಿರುತ್ತವೆ. ಸಾನೆಟ್‌ನ ಕವಿ ಅಷ್ಟರೊಳಗೇ ಹೂಡಬೇಕು, ತಿರುಗಬೇಕು, ನಿಲ್ಲಬೇಕು.

ಮಾಸ್ತಿಯವರ ‘ಮಲಾರ’ದಲ್ಲಿ ಈ ರೂಪ ಸಮಾಧಾನದ ಮಾತುಕತೆಯಾಯಿತು, ದೊಡ್ಡ ಮಾತಿಗೆ ದನಿ ಏರಿಸದಿರುವುದು ಅವರ ಗದ್ಯದ ಗುಣ, ಇಲ್ಲೂ ಅದೇ. ಬೇಂದ್ರೆಯವರ ದಾರಿ ಬೇರೆ. ಧಾರವಾಡ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ರೋಣ, ಗದಗಗಳೂ ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಮರಾಠಿಯಲ್ಲಿ ಕೇಶವಸುತರು 1890ರ ದಶಕದಲ್ಲೇ ಸಾನೆಟ್ ಆರಂಭಿಸಿದ್ದರು, 1920ರ ದಶಕದಲ್ಲಿ ರವಿಕಿರಣ ಮಂಡಳದ ಕವಿಗಳು ಸುನೀತಗಳನ್ನು ಧಾರಾಳವಾಗಿ ಬರೆದರು. ಮರಾಠಿಯಲ್ಲೂ ಬರೆಯುತ್ತಿದ್ದ ಬೇಂದ್ರೆಯವರಿಗೆ ಈ ರೂಪ ಇಂಗ್ಲಿಷಿನಿಂದಷ್ಟೇ ಅಲ್ಲ, ಪಕ್ಕದ ಮನೆಯಿಂದಲೂ ಪರಿಚಯ. ಬಂಗಾಳಿಯಲ್ಲಿ ಮೈಕೇಲ್ ಮಧುಸೂದನ ದತ್ತರ ಚತುರ್ದಶಪದಿಗಳು 1866ರಷ್ಟು ಹಿಂದೆಯೇ ಬಂದಿದ್ದವು. ಬೇಂದ್ರೆಯವರ ‘ಉಯ್ಯಾಲೆ’ಯಲ್ಲಿ ಈ ಬಗೆಯ ಪದ್ಯಗಳಿಗೆ ಮುಖ್ಯ ಸ್ಥಾನವಿದೆ. ಜನಪದದ ಲಯದಲ್ಲಿ ಕುಣಿಯುವ ಬೇಂದ್ರೆ ಇಲ್ಲಿ ತಡೆದು ತಡೆದು ಯೋಚಿಸುವುದನ್ನು ನೋಡುವುದೇ ಒಂದು ಅನುಭವ. ‘ಸಾಹಿತ್ಯ ಸಂಶೋಧನೆ’ ಎಂಬ ಪುಸ್ತಕ ಬರೆದವರೂ ಅವರೇ ಎಂಬುದು ಆಗ ನೆನಪಾಗಬೇಕು.

ಕುವೆಂಪು ತಮ್ಮ ಸಾನೆಟ್‌ಗಳನ್ನು ‘ಕೃತ್ತಿಕೆ’ (1946) ಸಂಕಲನದಲ್ಲಿ ಕೂಡಿಸಿದರು. ಅವರು ‘ಶ್ರೀ ರಾಮಾಯಣ ದರ್ಶನಂ’ ಬರೆಯುತ್ತಿದ್ದ ಹತ್ತು ವರ್ಷಗಳೂ ಇದೇ ಸುಮಾರಿನವು. ಮಹಾಕಾವ್ಯದಲ್ಲಿ ಪ್ರಾಸವಿಲ್ಲದೆ ಹತ್ತಾರು ಸಾಲು ಹರಿಯುವ ವಾಕ್ಯ, ಸಾನೆಟ್‌ನಲ್ಲಿ ಹದಿನಾಲ್ಕರ ದಡಗಳ ನಡುವೆ ಹರಿಯುವ ವಾಕ್ಯ: ಎರಡರ ಉಸಿರೂ ಒಂದೇ. ಪೆಟ್ರಾರ್ಕ್‌ನ ವಿಷಯ ಕೈಗೆಟುಕದ ಹೆಣ್ಣು. ಕನ್ನಡದ ಸಾನೆಟ್‌ನಲ್ಲಿ ಆ ವಿಷಯ ಬೇರು ಬಿಡಲಿಲ್ಲ. ಇಲ್ಲಿ ಅದು ಬೆಟ್ಟಕ್ಕೆ, ಬೆಳಗಿಗೆ, ಗುರುವಿಗೆ, ಗತಿಸಿದವರಿಗೆ, ದೇವರಿಗೆ ಹೇಳುವ ಮಾತಾಯಿತು. ಅದರಿಂದ ನಷ್ಟವೂ ಆಯಿತು. ತನ್ನೊಡನೆ ತಾನೇ ಜಗಳವಾಡುವ ಪೆಟ್ರಾರ್ಕ್‌ನ ಬಿಕ್ಕಟ್ಟು ಇಲ್ಲದ ಕಡೆ ಎಂಟು ಸಾಲಿನ ಮಾತನ್ನೇ ಆರು ಸಾಲು ಇನ್ನಷ್ಟು ಹಿಗ್ಗಿಸುತ್ತವೆ, ತಿರುವು ಹೆಸರಿಗಷ್ಟೇ ಉಳಿಯುತ್ತದೆ. ನವೋದಯದ ಎಷ್ಟೋ ಸಾನೆಟ್‌ಗಳು ಇಂದು ಸಪ್ಪೆಯೆನಿಸುವುದು ಈ ಕಾರಣಕ್ಕೆ. ಚೆನ್ನಾಗಿರುವವು ಚೆನ್ನಾಗಿರುವುದೂ ಒಂಬತ್ತನೇ ಸಾಲಿನಲ್ಲಿ ನಿಜಕ್ಕೂ ಏನೋ ಬದಲಾಗುವುದರಿಂದ.

1950ರ ನಂತರ ನವ್ಯರು ಮುಕ್ತಛಂದಕ್ಕೆ ಹೊರಳಿದರು. ಗೋಕಾಕರೇ 1940ರ ‘ಸಮುದ್ರಗೀತೆಗಳು’ ಸಂಕಲನದಲ್ಲಿ ಆ ಬಾಗಿಲು ತೆರೆದಿದ್ದರು. ಸಾನೆಟ್ ಹಿಂದೆ ಸರಿಯಿತು. ಅದೇ ಹೊತ್ತಿಗೆ ಹಸ್ತಪ್ರತಿ, ಶಾಸನ, ಗ್ರಂಥಸಂಪಾದನೆಗಳು ವಿಶ್ವವಿದ್ಯಾಲಯದ ವಿಭಾಗಗಳಿಗೆ ಸೇರಿದ ಪ್ರತ್ಯೇಕ ವೃತ್ತಿಯಾದವು. ಶಾಸನ ಓದುವವರು ಮತ್ತು ಕವಿತೆ ಬರೆಯುವವರು ಬೇರೆ ಬೇರೆ ಜನರಾಗಿದ್ದು ಎರಡಕ್ಕೂ ಒಳ್ಳೆಯದಾಗಲಿಲ್ಲ. ಗೋವಿಂದ ಪೈಯವರ ಲೇಖನಗಳನ್ನು ಇತಿಹಾಸದವರೂ ಪದ್ಯಗಳನ್ನು ಸಾಹಿತ್ಯದವರೂ ಓದುತ್ತಾರೆ, ಎರಡನ್ನೂ ಒಟ್ಟಿಗಿಟ್ಟು ಓದುವವರು ಕಡಿಮೆ.

ಸಾನೆಟ್ ಆಮೇಲೆ ಮುಖ್ಯವಾಗಿ ಮರಳಿದ್ದು ಅನುವಾದದಲ್ಲಿ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ‘ಶೇಕ್ಸ್‌ಪಿಯರ್ ಸಾನೆಟ್ ಚಕ್ರ’ ಅದರಲ್ಲಿ ಎದ್ದು ಕಾಣುವ ಪ್ರಯತ್ನ. ಶೇಕ್ಸ್‌ಪಿಯರ್‌ನ ಕಟ್ಟು ಕನ್ನಡ ಅನುವಾದಕರಿಗೆ ಒಡ್ಡುವ ಕಷ್ಟ ಕೊನೆಯ ಜೋಡಿಸಾಲಿನದು: ಇಂಗ್ಲಿಷಿನಲ್ಲಿ ಅದು ಹನ್ನೆರಡು ಸಾಲಿನ ವಾದಕ್ಕೆ ಬೀಗ ಹಾಕುತ್ತದೆ, ಕನ್ನಡದಲ್ಲಿ ಎರಡು ಪ್ರಾಸಬದ್ಧ ಸಾಲು ಒಟ್ಟಿಗೆ ಬಂದೊಡನೆ ಕಿವಿಗೆ ಗಾದೆಯಂತೆ, ರಗಳೆಯಂತೆ ಕೇಳುತ್ತದೆ. ಅದನ್ನು ತಪ್ಪಿಸಲು ವಾಕ್ಯವನ್ನು ಹನ್ನೆರಡನೇ ಸಾಲಿನಿಂದಲೇ ಎತ್ತಿಕೊಂಡು ಹದಿಮೂರಕ್ಕೆ ಇಳಿಸುವುದು ಒಂದು ದಾರಿ, ಜೋಡಿಸಾಲಿನ ಪ್ರಾಸವನ್ನು ಕ್ರಿಯಾಪದದ ಮೇಲೆ ಬೀಳದಂತೆ ನೋಡಿಕೊಳ್ಳುವುದು ಇನ್ನೊಂದು.